ಇರುವ ಹಳಿಯ ಮೇಲಿನ ಪ್ರಶ್ನೆಗಳು

(ಸಾಗರದಲ್ಲಿ ನಡೆದ ಬಳಗದ ಸಭೆಯಲ್ಲಿ ಮಾಡಿದ ಉಪನ್ಯಾಸದ ಪಠ್ಯ)



ಪರಿಸರದವರು ರೈಲಿನ ವಿರೋಧಿಗಳು ಎಂಬ ಮಾತು ಮಲೆನಾಡಿನಲ್ಲಿ ಬಹುಕಾಲದಿಂದ ಚಾಲ್ತಿಯಲ್ಲಿದೆ. ಹುಬ್ಬಳ್ಳಿ–ಅಂಕೋಲ ಮಾರ್ಗಕ್ಕೆ 1999ರಲ್ಲಿ ಶಂಕುಸ್ಥಾಪನೆಯಾದಂದಿನಿಂದ, ಅದು ಸೀಳಿಕೊಂಡು ಹೋಗಬೇಕಾದ ಕಾಡಿನ ಬಗ್ಗೆ ಯಾರು ಪ್ರಶ್ನೆ ಎತ್ತಿದರೂ ಅವರಿಗೆ ಈ ಪಟ್ಟ ಕಾದಿರುತ್ತದೆ. ಬಳ್ಳಾರಿ–ಹೊಸಪೇಟೆಯ ಅದಿರನ್ನು ಬಂದರಿಗೆ ಸಾಗಿಸುವುದು ಆ ಮಾರ್ಗದ ಮುಖ್ಯ ಉದ್ದೇಶಗಳಲ್ಲೊಂದಾಗಿತ್ತು ಎಂದು ಹೇಳಹೊರಟರೆ ಕೇಳುವವರು ಕಡಿಮೆ. ಆದರೆ ಇಂದು ನಾನು ಆ ವಾದವನ್ನು ಮುಂದುವರಿಸಲು ಬಂದಿಲ್ಲ. ಹೊಸ ಹಳಿಯನ್ನು ಪ್ರಶ್ನಿಸುವವರಿಗೆ ಇರುವ ಹಳಿಯ ಬಗ್ಗೆ ಒಂದು ಹೊಣೆಯಿದೆ; ಆ ಹೊಣೆಯನ್ನು ನಾವು ಸರಿಯಾಗಿ ಹೊತ್ತಿಲ್ಲ ಎಂಬ ತಪ್ಪೊಪ್ಪಿಗೆಯಿಂದಲೇ ಆರಂಭಿಸುತ್ತೇನೆ.

ನಮ್ಮ ಮನೆಬಾಗಿಲಲ್ಲಿಯೇ ಶಿವಮೊಗ್ಗ–ತಾಳಗುಪ್ಪ ಮಾರ್ಗವಿದೆ. ಮೈಸೂರು ಸಂಸ್ಥಾನದ ಕಾಲದ ಮೀಟರ್‌ಗೇಜ್ ಹಳಿಯದು. ಇಲ್ಲಿ ಕುಳಿತ ಹಿರಿಯರಿಗೆ ಅದರ ಮೇಲೆ ಓಡಾಡುತ್ತಿದ್ದ ರೈಲುಬಸ್ಸು ನೆನಪಿರಬೇಕು. ಒಂದೇ ಡಬ್ಬಿಯ ಆ ವಾಹನದ ನಿಧಾನಗತಿಯನ್ನು ಕಂಡು ನಗುತ್ತಿದ್ದವರಲ್ಲಿ ನಾನೂ ಒಬ್ಬ. ಆದರೆ ಸಂತೆಯ ಚೀಲ ಹಿಡಿದು ಬರುವವರಿಗೆ, ಆಸ್ಪತ್ರೆಗೆ ಹೋಗುವವರಿಗೆ ಅದು ನಂಬಿಕೆಯ ಬಂಡಿಯಾಗಿತ್ತು. 2011ರಲ್ಲಿ ತಾಳಗುಪ್ಪದವರೆಗೂ ಬ್ರಾಡ್‌ಗೇಜ್ ಸಿದ್ಧವಾಯಿತು. ಮೈಸೂರು, ಬೆಂಗಳೂರುಗಳಿಗೆ ನೇರ ರೈಲುಗಳು ಬಂದವು. ಇದನ್ನು ನಾವು ಕೃತಜ್ಞತೆಯಿಂದಲೇ ನೆನೆಯಬೇಕು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ದೂರದ ರೈಲು ದೂರದ ಊರಿನ ಅನುಕೂಲಕ್ಕೆ ಹೊರಡುತ್ತದೆ. ರಾತ್ರಿ ರಾಜಧಾನಿಯಲ್ಲಿ ಹತ್ತಿ ಬೆಳಿಗ್ಗೆ ಊರಿಗಿಳಿಯುವವನಿಗೆ ಅದು ವರವೇ ಸರಿ. ಕುಂಸಿಯಿಂದಲೋ ಆನಂದಪುರದಿಂದಲೋ ಬೆಳಿಗ್ಗೆ ಕಾಲೇಜಿಗೆ ಹೋಗಿ ಸಂಜೆ ಮರಳಬೇಕಾದ ವಿದ್ಯಾರ್ಥಿನಿಯ ದಿನಚರಿ ಆ ವೇಳಾಪಟ್ಟಿಯನ್ನು ಬರೆಯುವವರ ಕಣ್ಣಿಗೆ ಬೀಳುವುದೇ ಇಲ್ಲ. ಆಕೆಗೆ ಬೇಕಾದದ್ದು ಎಲ್ಲ ಸಣ್ಣ ನಿಲ್ದಾಣಗಳಲ್ಲೂ ನಿಲ್ಲುವ, ಶಾಲೆ ಕಚೇರಿಗಳ ಹೊತ್ತಿಗೆ ಹೊಂದುವ ಪ್ಯಾಸೆಂಜರ್ ರೈಲು. 2020ರ ಮಾರ್ಚ್‌ನಲ್ಲಿ ಸಾಂಕ್ರಾಮಿಕದ ಕಾರಣ ದೇಶದ ಪ್ಯಾಸೆಂಜರ್ ರೈಲುಗಳೆಲ್ಲ ನಿಂತವು. ಮರಳಿ ಬಂದಾಗ ಅವುಗಳಿಗೆ ಎಕ್ಸ್‌ಪ್ರೆಸ್ ದರ ತಗಲಿತ್ತು. 10 ರೂಪಾಯಿಯಿದ್ದ ಕನಿಷ್ಠ ದರ 30ಕ್ಕೇರಿತು. 2024ರ ಫೆಬ್ರವರಿಯಲ್ಲಿ ಹಳೆಯ ದರ ಹಿಂತಿರುಗಿತು. ನಡುವಿನ ವರ್ಷಗಳಲ್ಲಿ ಬೈಕು ಕೊಂಡವರು ಮಾತ್ರ ಅಷ್ಟು ಸುಲಭವಾಗಿ ಹಿಂತಿರುಗುವುದಿಲ್ಲ.

ಹೆಚ್ಚು ರೈಲು ಓಡಿಸಲು ಇನ್ನಷ್ಟು ಕಾಡು ಕಡಿಯಬೇಕೆ? ಇದನ್ನು ವಿದ್ಯಾರ್ಥಿಗಳು ಚೆನ್ನಾಗಿ ತಿಳಿದಿರಬೇಕು. ನಮ್ಮದು ಏಕಪಥ. ಎದುರುಬದುರಾಗಿ ಬರುವ ರೈಲುಗಳು ಎರಡನೆಯ ಹಳಿಯಿರುವ ನಿಲ್ದಾಣದಲ್ಲಿ ಮಾತ್ರ ಒಂದನ್ನೊಂದು ದಾಟಬಲ್ಲವು. ಆದ್ದರಿಂದ ಇಂತಹ ಮಾರ್ಗದ ಸಾಮರ್ಥ್ಯವನ್ನು ನಿರ್ಧರಿಸುವುದು ದಾಟುನಿಲ್ದಾಣಗಳ ನಡುವಿನ ಅಂತರ. ನಿಲ್ದಾಣದ ಅಂಗಳದೊಳಗೇ ಇನ್ನೊಂದು ಹಳಿ, ಒಳ್ಳೆಯ ಸಿಗ್ನಲ್ ವ್ಯವಸ್ಥೆ — ಇಷ್ಟರಿಂದ ರೈಲುಗಳ ಸಂಖ್ಯೆ ಹೆಚ್ಚಿಸಬಹುದು. ಎರಡೂ ತುದಿಗಳಲ್ಲಿ ಚಾಲಕನ ಕೋಣೆಯಿರುವ ಡೆಮು, ಮೆಮು ಗಾಡಿಗಳಾದರೆ ತಾಳಗುಪ್ಪದಂತಹ ಕೊನೆಯ ನಿಲ್ದಾಣದಲ್ಲಿ ಎಂಜಿನ್ ಬಿಚ್ಚಿ ಸುತ್ತಿಸಿ ಜೋಡಿಸುವ ಕೆಲಸವೂ ತಪ್ಪುತ್ತದೆ. ಅವು ಬೇಗ ವೇಗ ಪಡೆಯುವುದರಿಂದ ಹಳ್ಳಿಹಳ್ಳಿಗೆ ನಿಂತರೂ ಹೆಚ್ಚು ಸಮಯ ನಷ್ಟವಾಗದು. ಇತ್ತ ಹೆದ್ದಾರಿ ಅಗಲವಾದಷ್ಟೂ ಸಾಲುಮರಗಳು ಉರುಳುತ್ತವೆ ಎಂಬುದನ್ನು ನಿಮಗೆ ನಾನು ಹೇಳಬೇಕಿಲ್ಲ.

ಇನ್ನು ನಿಲ್ದಾಣಗಳ ಮಾತು. ಅಮೃತ ಭಾರತ ನಿಲ್ದಾಣ ಯೋಜನೆಯ 2023ರ ಪಟ್ಟಿಯಲ್ಲಿ ಶಿವಮೊಗ್ಗ ನಗರ, ಸಾಗರ ಜಂಬಗಾರು, ತಾಳಗುಪ್ಪ ಮೂರೂ ಇವೆ, ಸಂತೋಷ. ನಡುವಿನ ಕುಂಸಿ, ಅರಸಾಳು, ಆನಂದಪುರಗಳಿಲ್ಲ. ಅರಸಾಳಿನ ಹಳೆಯ ನಿಲ್ದಾಣ ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಕಾಣಿಸಿಕೊಂಡದ್ದು. 2020ರಲ್ಲಿ ಅದು ವಸ್ತುಸಂಗ್ರಹಾಲಯವಾಯಿತು. ನಾನೂ ಮೊಮ್ಮಕ್ಕಳಿಗೆ ತೋರಿಸಿ ಬಂದೆ, ಚೆನ್ನಾಗಿದೆ. ಆದರೆ ನಿಲ್ದಾಣಗಳು ನೋಡಲಿಕ್ಕೆ ಮಾತ್ರ ಉಳಿಯುವ ಕಾಲ ಬಂದೀತೆ ಎಂದು ಅಂದು ಒಂದು ಗಳಿಗೆ ಅಳುಕಿದ್ದೂ ನಿಜ. ಸಣ್ಣ ನಿಲ್ದಾಣ ಕೇಳುವುದು ಅಮೃತಶಿಲೆಯನ್ನಲ್ಲ. ಮಳೆಗಾಲದಲ್ಲಿ ನಿಲ್ಲಲು ಸೂರು, ಮುದುಕರು ಹತ್ತಲಾಗುವಷ್ಟು ಎತ್ತರದ ಪ್ಲಾಟ್‌ಫಾರಂ, ಬಾಗಿಲು ತೆರೆದಿರುವ ಶೌಚಾಲಯ, ಕತ್ತಲಾದ ಮೇಲೆ ಒಂದು ದೀಪ. ಇದರ ಜತೆಗೆ ರೈಲಿನ ಹೊತ್ತಿಗೆ ಸರಿಯಾಗಿ ಹೊರಗೊಂದು ಬಸ್ಸು. ತಾಳಗುಪ್ಪದಿಂದ ಜೋಗಕ್ಕೆ ಸುಮಾರು 15 ಕಿಲೋಮೀಟರ್; ಕಾರು ಬಿಟ್ಟು ರೈಲಿನಲ್ಲಿ ಬಾ ಎಂದು ಪ್ರವಾಸಿಗನಿಗೆ ಹೇಳಬೇಕಾದರೆ ಆ 15ನ್ನು ಮೊದಲು ಸರಿಪಡಿಸಬೇಕು. ಅದು ರೈಲ್ವೆಯ ಕೆಲಸವಲ್ಲ, ರಾಜ್ಯ ಸರ್ಕಾರದ್ದು.

‘ಜನ ಬರುವುದಿಲ್ಲ’ ಎಂಬುದು ನಮಗೆ ಸಿಗಬಹುದಾದ ಮೊದಲ ಉತ್ತರ. ಅದಕ್ಕೆ ಬರಿಯ ಮನವಿಪತ್ರ ಸಾಲದು. ಆದ್ದರಿಂದ ಪ್ರತಿ ಊರಿನಿಂದ ಇಬ್ಬರು ವಿದ್ಯಾರ್ಥಿಗಳು ಒಂದು ನೋಟುಪುಸ್ತಕ ಹಿಡಿದು, ಬೆಳಿಗ್ಗೆ ಆರರಿಂದ ಹತ್ತರವರೆಗೆ ಊರು ಬಿಟ್ಟು ಹೊರಡುವವರು ಎಷ್ಟು ಜನ, ಎಲ್ಲಿಗೆ, ಎಷ್ಟು ಗಂಟೆಗೆ ತಲುಪಬೇಕು, ಈಗ ಎಷ್ಟು ಖರ್ಚು ಎಂಬುದನ್ನು ಒಂದು ವಾರ ಬರೆದುಕೊಳ್ಳಲಿ. ಸೋಮವಾರ ಮತ್ತು ಸಂತೆಯ ದಿನ ತಪ್ಪದಿರಲಿ. ಪುಸ್ತಕಗಳನ್ನು ಮುಂದಿನ ಸಭೆಗೆ ತನ್ನಿ. ಒಟ್ಟುಗೂಡಿಸುವ ಕೆಲಸ ನನಗಿರಲಿ.