ಸೌರಜ್ವಾಲೆಗಳ ಗಣನೆ
(ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ಪಾಠಶಾಲೆಯಲ್ಲಿ ವ್ಯಾಕರಣವನ್ನೂ ಅಲ್ಪಸ್ವಲ್ಪ ಜ್ಯೋತಿರ್ಗಣಿತವನ್ನೂ ಓದಿದ ಇವನಿಗೆ ಉಪಗ್ರಹಗಳ ಗೊಡವೆ ಏತಕ್ಕೆಂದು ಕೆಲವರಿಗೆ ತೋರಬಹುದು. ಗ್ರಹಣಗಣಿತವನ್ನು ಕಲಿತವನಿಗೆ ಒಂದು ಹೆಮ್ಮೆಯುಂಟು. ಮುಂಬರುವ ಗ್ರಹಣದ ಸ್ಪರ್ಶ, ಮಧ್ಯ, ಮೋಕ್ಷಕಾಲಗಳನ್ನು ಇಂದೇ ಬರೆದಿಡಬಲ್ಲೆನೆಂಬ ಹೆಮ್ಮೆಯದು. ಆದರೆ ಅದೇ ಸೂರ್ಯಬಿಂಬದಲ್ಲಿ, ಯಾವ ಗಣಿತಕ್ಕೂ ಮುಂದಾಗಿ ಸಿಕ್ಕದ ಘಟನೆಗಳು ನಡೆಯುತ್ತಿರುವುವೆಂದು ತಿಳಿದ ದಿನ ನನ್ನ ಹೆಮ್ಮೆ ತಗ್ಗಿತು, ಕುತೂಹಲ ಹೆಚ್ಚಿತು. ಅವೇ ಸೌರಜ್ವಾಲೆಗಳು. ಇಂತಹ ದಿನ ಇಂತಹ ಗಳಿಗೆಗೆ ಜ್ವಾಲೆಯೇಳುವುದೆಂದು ಹೇಳಬಲ್ಲವರು ಇನ್ನೂ ಹುಟ್ಟಿಲ್ಲ. ಆದುದರಿಂದ ಆದವನ್ನು ಆದ ಮೇಲೆ ತಪ್ಪಿಲ್ಲದೆ ಬರೆದಿಡುವುದೊಂದೇ ಉಳಿದ ಮಾರ್ಗ. ಆ ಬರೆಹದ ಕಷ್ಟವನ್ನು ಕುರಿತೇ ಈ ಉಪನ್ಯಾಸ.

1859ನೆಯ ಇಸವಿ ಸಪ್ಟೆಂಬರ್ 1ರಂದು ಇಂಗ್ಲೆಂಡಿನಲ್ಲಿ ಕ್ಯಾರಿಂಗ್ಟನ್ ಎಂಬ ಮಹನೀಯನು ಸೂರ್ಯನ ಕಲೆಗಳ ಚಿತ್ರವನ್ನು ಬರೆಯುತ್ತಿದ್ದನು. ಆಗ ಕಲೆಗಳ ಗುಂಪಿನ ಮೇಲೆ ಎರಡು ಬೆಳಕಿನ ತೇಪೆಗಳು ಥಟ್ಟನೆ ಹೊಳೆದು ಸುಮಾರು ಐದು ನಿಮಿಷಗಳಲ್ಲಿ ಅಡಗಿದುವು. ಹಾಜ್‌ಸನ್ ಎಂಬ ಇನ್ನೊಬ್ಬನೂ ಬೇರೊಂದೆಡೆಯಿಂದ ಅದನ್ನೇ ಕಂಡನು. ಸುಮಾರು ಹದಿನೇಳು ಗಂಟೆಗಳ ತರುವಾಯ ಭೂಮಿಯ ಆಯಸ್ಕಾಂತ ಸೂಜಿಗಳೆಲ್ಲ ತತ್ತರಿಸಿ, ತಂತಿಯಂಚೆ ಕೆಟ್ಟುಹೋಯಿತು. ಇದೇ ಬರೆಹಕ್ಕೆ ಬಂದ ಮೊದಲನೆಯ ಜ್ವಾಲೆ. ಅಷ್ಟು ಪ್ರಕಾಶಮಾನವಾದುದು ಬಹು ಅಪೂರ್ವ. ಸಾಧಾರಣ ಜ್ವಾಲೆಯು ಬಿಂಬದ ಬೆಳಕಿನಲ್ಲಿ ಕರಗಿ ಹೋಗುವುದು.

ಕ್ಷ-ಕಿರಣದಲ್ಲಿಯಾದರೋ ಸಂಗತಿ ತಿರುಗುಮುರುಗು. ಸೂರ್ಯನ ಮೇಲ್ಮೈಯ ಉಷ್ಣತೆ ಸುಮಾರು 5,500 ಡಿಗ್ರಿ; ಅದು ಕ್ಷ-ಕಿರಣವನ್ನು ಸೂಸಲಾರದು. ಜ್ವಾಲೆಯಲ್ಲಿ ಕಾಂತಕ್ಷೇತ್ರದ ಎಳೆಗಳು ಕಡಿದು ಮರಳಿ ಕೂಡುವಾಗ ಅನಿಲವು ಒಂದು ಕೋಟಿ ಡಿಗ್ರಿಗೂ ಮೀರಿ ಕಾಯುವುದು. ಆಗ ಕ್ಷ-ಕಿರಣವು ಹಿಂದಿನದಕ್ಕಿಂತ ನೂರ್ಮಡಿ, ಒಮ್ಮೊಮ್ಮೆ ಸಾವಿರ್ಮಡಿಯಾಗಿ ಏರುವುದು. ಆದರೆ ನಮ್ಮ ವಾಯುಮಂಡಲವು ಈ ಕಿರಣಗಳನ್ನು ಪೂರಾ ನುಂಗಿಬಿಡುತ್ತದೆ. ಜೀವಿಗಳ ಪುಣ್ಯ, ವೀಕ್ಷಕನಿಗೆ ಮಾತ್ರ ಅಡ್ಡಿ. ಯಂತ್ರವನ್ನು ಆಕಾಶಕ್ಕೇರಿಸದೆ ಗತ್ಯಂತರವಿಲ್ಲ. ಅಮೆರಿಕದವರು 1960ರಿಂದ ಸೋಲ್‌ರಾಡ್ ಎಂಬ ಉಪಗ್ರಹಗಳನ್ನೂ, 1975ರಿಂದ ಗೋಸ್ ಎಂಬ ಉಪಗ್ರಹಗಳನ್ನೂ ಹಾರಿಸಿದರು. ಇಂದು ಲೋಕದಲ್ಲಿ ಜ್ವಾಲೆಯ ದರ್ಜೆಯೆಂದು ಹೇಳುವುದೆಲ್ಲ ಈ ಗೋಸಿನ ಅಳತೆಯಿಂದಲೇ. ಒಂದರಿಂದ ಎಂಟು ಆಂಗ್‌ಸ್ಟ್ರಾಮ್ ಉದ್ದದ ಅಲೆಗಳಲ್ಲಿ, ಒಂದು ಚದರ ಮೀಟರಿಗೆ ಬೀಳುವ ಶಕ್ತಿ ಒಂದು ವಾಟಿನ ಹತ್ತುಕೋಟಿಯಲ್ಲೊಂದು ಪಾಲಾದರೆ ಅದು ಎ ದರ್ಜೆ, ಕೋಟಿಯಲ್ಲೊಂದಾದರೆ ಬಿ, ಹತ್ತುಲಕ್ಷದಲ್ಲೊಂದು ಸಿ, ಲಕ್ಷದಲ್ಲೊಂದು ಎಂ, ಹತ್ತುಸಾವಿರದಲ್ಲೊಂದು ಎಕ್ಸ್. ಸೂರ್ಯನ ಹನ್ನೊಂದು ವರ್ಷಗಳ ಒಂದಾವರ್ತದಲ್ಲಿ ಎಂ ದರ್ಜೆಯವು ಸುಮಾರು 2,000, ಎಕ್ಸ್ ದರ್ಜೆಯವು ಸುಮಾರು 175 ಎಂಬುದು ಸ್ಥೂಲವಾದ ಎಣಿಕೆ.

ಇನ್ನು ಸ್ಪರ್ಶ, ಮಧ್ಯ, ಮೋಕ್ಷಗಳ ವಿಚಾರ. ಯಂತ್ರದಿಂದ ಬರುವುದು ಏರಿಳಿಯುವ ಒಂದು ರೇಖೆ ಮಾತ್ರ. ಅದರ ಮೇಲೆ ಇಲ್ಲಿ ಜ್ವಾಲೆ ಹುಟ್ಟಿತು, ಇಲ್ಲಿ ಅಡಗಿತು ಎಂದು ಯಾರೂ ಗುರುತು ಹಾಕಿರುವುದಿಲ್ಲ. ಆದ್ದರಿಂದ ನಿಯಮವನ್ನು ಮನುಷ್ಯರೇ ಕಟ್ಟಬೇಕಾಯಿತು. ಅಲ್ಲಿಯ ಗಣಕರ ನಿಯಮವಿದು: ನಾಲ್ಕು ನಿಮಿಷಗಳು ಎಡೆಬಿಡದೆ ಏರುತ್ತ ಹೋಗಿ, ಕಡೆಯ ಬೆಲೆಯು ಮೊದಲಿನದರ 1.4ರಷ್ಟನ್ನು ಮೀರಿದರೆ, ಆ ಮೊದಲ ನಿಮಿಷವೇ ಆರಂಭ. ಶಿಖರದ ನಿಮಿಷವೇ ಮಧ್ಯ. ಶಿಖರಕ್ಕೂ ಹಿಂದಿನ ಮಟ್ಟಕ್ಕೂ ನಟ್ಟನಡುವೆ ಇಳಿದಾಗ ಅಂತ್ಯ. ಗ್ರಹಣದ ಮೋಕ್ಷವು ಆಕಾಶದಲ್ಲಿಯೇ ಆಗುವುದು. ಜ್ವಾಲೆಯ ಮೋಕ್ಷವಾದರೋ ನಾವು ಕಡತದಲ್ಲಿ ಗೊತ್ತುಮಾಡಿದ್ದು. ಈ ಭೇದವನ್ನು ಮರೆಯಲಾಗದು. ಮೆಲ್ಲಮೆಲ್ಲನೆ ಏರುವ ಜ್ವಾಲೆಯು ಈ ನಿಯಮಕ್ಕೆ ಸಿಕ್ಕದೆ ತಪ್ಪಿಸಿಕೊಳ್ಳುವುದು. ಒಂದು ದೊಡ್ಡ ಜ್ವಾಲೆ ಇಳಿಯುತ್ತಿರುವಾಗ ಚಿಕ್ಕದೊಂದು ಎದ್ದರೆ ಅದು ಎಣಿಕೆಗೇ ಬಾರದು. ಗೋಸಿನ ಈ ಯಂತ್ರವು ಬಹುಕಾಲ ಇಡೀ ಬಿಂಬದ ಮೊತ್ತವನ್ನು ಮಾತ್ರ ಹೇಳುತ್ತಿದ್ದಿತಾದ್ದರಿಂದ, ಎರಡು ಕಡೆ ಏಕಕಾಲದಲ್ಲಿ ಎದ್ದವು ಪಟ್ಟಿಯಲ್ಲಿ ಒಂದಾಗುವುದೂ ಉಂಟು. ಸಾಲದುದಕ್ಕೆ, ವಿಷುವತ್ಕಾಲಗಳ ಆಸುಪಾಸಿನಲ್ಲಿ ಈ ಉಪಗ್ರಹವು ಪ್ರತಿದಿನವೂ ಕೆಲಕಾಲ ಭೂಛಾಯೆಯನ್ನು ಹೊಕ್ಕು ಕುರುಡಾಗುತ್ತದೆ. ಸೂರ್ಯಗ್ರಹಣವು ಅದಕ್ಕೆ ನಿತ್ಯದ ಮಾತು!

ಅಳತೆಯಲ್ಲಿಯೇ ಬಂದ ದೋಷವೊಂದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ನಾನು ಬಾಲಕನಾಗಿದ್ದಾಗ ನಮ್ಮೂರ ಒಂದು ಉಗ್ರಾಣದಲ್ಲಿ ಮರದ ಹಳೆಯ ಕೊಳಗವಿದ್ದಿತು. ಒಳಗೆಲ್ಲ ಸವೆದು ದೊಡ್ಡದಾಗಿದ್ದುದರಿಂದ ಅದರಲ್ಲಿ ಅಳೆದರೆ ಎಣಿಕೆ ಕಡಮೆ ಬರುತ್ತಿತ್ತು. ಹೊಸ ಕೊಳಗ ತಂದಾಗ ಅದೇ ರಾಶಿಗೆ ಎಣಿಕೆ ಹೆಚ್ಚು ಬಂದಿತು. ಲೆಕ್ಕ ಬರೆಯುವವರು ಹಳೆಯದನ್ನು ಶಂಕಿಸಲಿಲ್ಲ. ಹೊಸದರ ಎಣಿಕೆಯನ್ನೇ ತಗ್ಗಿಸಿ ಬರೆದು ಹಳೆಯ ಕಡತಕ್ಕೆ ಹೊಂದಿಸಿದರು. ಗೋಸಿನಲ್ಲಿಯೂ ಇದೇ ನಡೆಯಿತು. ಎಂಟನೆಯದರಿಂದ ಹದಿನೈದನೆಯ ಉಪಗ್ರಹದ ವರೆಗೆ ಬಂದ ಅಳತೆಗಳನ್ನು, ಹಿಂದಿನ ಉಪಗ್ರಹಗಳಿಗೆ ಸರಿಯಾಗಲೆಂದು 0.7ರಿಂದ ಗುಣಿಸಿ ಪ್ರಕಟಿಸುತ್ತಿದ್ದರು. ಹೊಸತರ ಅಳತೆಯೇ ನಿಜವೆಂದು ಬಳಿಕ ಗೊತ್ತಾಯಿತು. 2016ರಲ್ಲಿ ಹಾರಿಸಿದ ಹದಿನಾರನೆಯದರಿಂದೀಚೆಗೆ ಈ ಗುಣಕವನ್ನು ಕೈಬಿಟ್ಟಿರುವರು. ಹಳೆಯ ಪಟ್ಟಿಯಲ್ಲಿ ಎಂ7 ಎಂದಿದ್ದುದು ನಿಜದಲ್ಲಿ ಎಕ್ಸ್1. ಹಳೆಯ ಪಟ್ಟಿಯನ್ನೂ ಹೊಸದನ್ನೂ ಹಾಗೆಯೇ ಸೇರಿಸಿ ಕೂಡುವವನು, ಸೂರ್ಯನೇ 2016ರ ತರುವಾಯ ಉಗ್ರನಾದನೆಂದು ಭ್ರಮಿಸಿಯಾನು. ತಪ್ಪನ್ನು ಒಪ್ಪಿಕೊಂಡು ತಿದ್ದಿದವರನ್ನು ನಾನು ಮನಸಾರೆ ಮೆಚ್ಚುವೆನು. ನಮ್ಮೂರ ಕಡತವನ್ನು ಯಾರೂ ತಿದ್ದಲಿಲ್ಲ.

2003ರ ನವೆಂಬರ್ 4ರಂದು ಎದ್ದ ಜ್ವಾಲೆಯಾದರೋ ಕೊಳಗಕ್ಕೇ ಮೀರಿದ ರಾಶಿ. ಯಂತ್ರವು ಎಕ್ಸ್17ರ ಹತ್ತಿರ ತುಂಬಿಹೋಗಿ ನಿಂತುಬಿಟ್ಟಿತು. ಏರಿದ ಮತ್ತು ಇಳಿದ ರೇಖೆಗಳನ್ನು ಮೇಲಕ್ಕೆ ಎಳೆದು ಎಕ್ಸ್28 ಎಂದು ಅಂದಾಜು ಬರೆದರು. ಆ ಅಂಕಿ ಕಂಡದ್ದಲ್ಲ, ಊಹಿಸಿದ್ದು. ಪಟ್ಟಿಯಲ್ಲಿ ಮಾತ್ರ ಕಂಡವುಗಳ ಸಾಲಿನಲ್ಲಿಯೇ ಕುಳಿತಿದೆ.

ದೊಡ್ಡವು ಹೇಗೂ ಕಾಣುವುವು, ಚಿಕ್ಕವು ತಪ್ಪಿದರೆ ನಷ್ಟವೇನೆಂದು ಕೇಳಬಹುದು. ನಷ್ಟವು ಅಲ್ಲಿಯೇ ಇರುವುದು. ಸೂರ್ಯನ ಮೇಲ್ಮೈಗಿಂತ ಅದರ ಹೊರಗಿನ ಪ್ರಭಾಮಂಡಲವು ಹತ್ತುಲಕ್ಷ ಡಿಗ್ರಿಗೂ ಮಿಗಿಲಾಗಿ ಕಾದಿರುವುದು. ಒಲೆಯಿಂದ ದೂರ ಹೋದಂತೆ ಬಿಸಿ ಏರುವ ಈ ವಿಚಿತ್ರಕ್ಕೆ ಪಾರ್ಕರ್ ಎಂಬ ಪಂಡಿತನು 1988ರಲ್ಲಿ ಒಂದು ಕಾರಣವನ್ನು ಸೂಚಿಸಿದನು: ಕಣ್ಣಿಗೆ ಬೀಳದಷ್ಟು ಸಣ್ಣ ಜ್ವಾಲೆಗಳು ಅಸಂಖ್ಯಾತವಾಗಿ ಎದ್ದು ಅದನ್ನು ಕಾಯಿಸುತ್ತಿರಬಹುದು. ಇದು ದಿಟವಾಗಬೇಕಾದರೆ ಶಕ್ತಿಯು ಹತ್ತರಲ್ಲೊಂದಾದಾಗ ಸಂಖ್ಯೆಯು ಹತ್ತುಮಡಿಗಿಂತಲೂ ಹೆಚ್ಚಬೇಕು. ಇಲ್ಲವಾದರೆ ಸಣ್ಣವುಗಳ ಒಟ್ಟು ಮೊತ್ತ ಸಾಲದು. ಹೀಗೆ ವಾದದ ನಿರ್ಣಯವೆಲ್ಲ ಪಟ್ಟಿಯ ತಳಭಾಗದಲ್ಲಿರುವುದು. ತಪ್ಪಿಹೋದವು ಹೆಚ್ಚಾಗಿರುವುದೂ ಅಲ್ಲಿಯೇ. ಸೂರ್ಯನು ಪ್ರಬಲನಾಗಿರುವ ವರ್ಷಗಳಲ್ಲಿ ಹಿನ್ನೆಲೆಯ ಕ್ಷ-ಕಿರಣವೇ ಬಿ, ಸಿ ದರ್ಜೆಗೇರಿ, ಅದರಡಿಯ ಸಣ್ಣವುಗಳನ್ನು ಮುಳುಗಿಸಿಬಿಡುವುದು. ಆ ವರ್ಷಗಳ ಪಟ್ಟಿಯಲ್ಲಿ ಸಣ್ಣವು ವಿರಳವಾಗಿರುವುದನ್ನು ಕಂಡು, ಅವು ಏಳಲೇ ಇಲ್ಲವೆಂದು ಹೇಳುವಂತಿಲ್ಲ.

ಆದುದರಿಂದ ಸೂರ್ಯನು ಅತ್ಯಂತ ಶಾಂತನಾಗಿರುವ ಕಾಲವನ್ನು ಕಾಯಬೇಕು. ಆ ಕಾಲವು ನಮ್ಮ ದೇಶಕ್ಕೆ ಒದಗಿಬಂದಿತು. 2019ರ ಜುಲೈ 22ರಂದು ಹೊರಟ ಚಂದ್ರಯಾನ-2ರಲ್ಲಿ, ಅಹಮದಾಬಾದಿನ ಭೌತವಿಜ್ಞಾನ ಸಂಶೋಧನಾಲಯದವರು ನಿರ್ಮಿಸಿದ ಸೌರ ಕ್ಷ-ಕಿರಣ ಮಾಪಕವೊಂದಿತ್ತು. ಚಂದ್ರನನ್ನು ಸುತ್ತುತ್ತ ಅದು, ಕಲೆಗಳೇ ಇಲ್ಲದ ದಿನಗಳಲ್ಲಿ ಒಟ್ಟು 76 ದಿನಗಳ ವೀಕ್ಷಣೆಯಿಂದ, ಎ ದರ್ಜೆಗೂ ಕೆಳಗಿನ 98 ಸೂಕ್ಷ್ಮಜ್ವಾಲೆಗಳನ್ನು ಪತ್ತೆಮಾಡಿತು. ಕಲೆಗಳ ಗುಂಪಿಲ್ಲದೆಡೆಯಲ್ಲಿಯೂ ಜ್ವಾಲೆಗಳೇಳುವುವೆಂಬುದು ಅದರಿಂದ ಚೆನ್ನಾಗಿ ಸ್ಥಾಪಿತವಾಯಿತು. ಪಾರ್ಕರನ ಜ್ವಾಲೆಗಳು ಇವುಗಳಿಗಿಂತಲೂ ಬಹಳ ಚಿಕ್ಕವು.

ಈಗ ಭೂಛಾಯೆಯ ಕಾಟವಿಲ್ಲದ ಕಾವಲೊಂದಿರುವುದು. 2023ರ ಸಪ್ಟೆಂಬರ್ 2ರಂದು ಶ್ರೀಹರಿಕೋಟದಿಂದ ಹೊರಟ ಆದಿತ್ಯ-ಎಲ್1, 2024ರ ಜನವರಿ 6ರಂದು ಭೂಮಿಯಿಂದ ಸುಮಾರು ಹದಿನೈದು ಲಕ್ಷ ಕಿಲೋಮೀಟರ್ ದೂರದ ತನ್ನ ನೆಲೆಯನ್ನು ಸೇರಿತು. ಅದರಲ್ಲಿ ಮೃದು ಕ್ಷ-ಕಿರಣಕ್ಕೆ ಸೋಲೆಕ್ಸ್ ಎಂಬುದು, ಕಠಿಣ ಕ್ಷ-ಕಿರಣಕ್ಕೆ ಹೀಲಿಯೋಸ್ ಎಂಬುದು. ಎರಡೂ ನಮ್ಮ ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ನಿರ್ಮಾಣಗೊಂಡುವು. ಅಲ್ಲಿಗೆ ಸೂರ್ಯನು ಅಸ್ತಮಿಸುವುದೇ ಇಲ್ಲ. ಕಠಿಣ ಕಿರಣವು ಜ್ವಾಲೆಯ ಆರಂಭದಲ್ಲಿ ಮಿಂಚಿ ಮಾಯವಾಗುವುದು. ಮೃದು ಕಿರಣವು ಹಿಂದೆ ಉಳಿದು ನಿಧಾನವಾಗಿ ಇಳಿಯುವುದು. ಒಂದೇ ನೆಲೆಯಿಂದ ಎರಡನ್ನೂ ಒಟ್ಟಿಗೆ ನೋಡಿದಾಗ, ಇಳಿಯುತ್ತಿರುವ ದೊಡ್ಡ ಜ್ವಾಲೆಯ ಮರೆಯಲ್ಲಿ ಎದ್ದ ಚಿಕ್ಕದನ್ನು ಅದರ ಕಠಿಣ ಕಿರಣದ ಮಿಂಚಿನಿಂದ ಹಿಡಿಯಲು ಅವಕಾಶವುಂಟು.