ಪಡಸಾಲೆಯ ಶಾಲೆ

ಮಕ್ಕಳಿಗೆ ಮನೆಯಲ್ಲಿಯೇ ಪಾಠ ಹೇಳುವ ತಂದೆತಾಯಿಗಳ ವಿಷಯವನ್ನು ನಾನು ಮೊದಲೂ ಕೇಳಿದ್ದುಂಟು. ಬೆಂಗಳೂರಿನಂಥ ನಗರಗಳಲ್ಲಿ ಕೆಲವರು ಯೋಚಿಸಿ, ಆರಿಸಿಕೊಂಡು, ಹಾಗೆ ಮಾಡುತ್ತಾರೆ. ಹಾನಗಲ್ಲ ತಾಲೂಕಿನ ಆಡೂರಿನವನಾದ ನಾನು ಅದನ್ನು ಆರಿಸಿಕೊಂಡದ್ದಲ್ಲ. ಅದು ತಾನಾಗಿಯೇ ಹೊಸ್ತಿಲು ದಾಟಿ ಒಳಗೆ ಬಂದಿತು. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಭೀತಿಯಿಂದ ಶಾಲೆಗಳು ಮುಚ್ಚಿದಾಗ ಮಗಳು ನಾಲ್ಕನೆಯ ತರಗತಿಯಲ್ಲಿದ್ದಳು, ಮಗ ಒಂದನೆಯದರಲ್ಲಿ. ಹದಿನೈದು ದಿನದ ಮಾತೆಂದುಕೊಂಡೆವು. ಚಿಕ್ಕ ಮಕ್ಕಳಿಗೆ ಶಾಲೆಯ ಬಾಗಿಲು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು.

ಜೂನ್ ಕಳೆದರೂ ಶಾಲೆ ತೆರೆಯುವ ಲಕ್ಷಣ ಕಾಣದಾಗ ಪಡಸಾಲೆಯಲ್ಲಿ ನಾನೇ ಶಾಲೆ ಹೂಡಿದೆ. ಗೋಡೆಗೆ ವೇಳಾಪಟ್ಟಿ ಅಂಟಿಸಿದೆ. ತಟ್ಟೆಗೆ ಚಮಚ ಬಡಿದು ಗಂಟೆ ಬಾರಿಸುತ್ತಿದ್ದೆ ಎಂದರೆ ತಾವು ನಗಬಹುದು; ನನ್ನ ಹೆಂಡತಿ ನಕ್ಕಳು. ಶಿವರಾಮ ಕಾರಂತರ ‘ಬಾಲಪ್ರಪಂಚ’ವನ್ನೂ ಪುತ್ತೂರಿನ ಬಾಲವನವನ್ನೂ ಗೆಳೆಯರ ಮುಂದೆ ಕೊಂಡಾಡುತ್ತ ಬಂದವನು ನಾನು. ಸ್ವತಃ ಕಲಿಸಲು ಕುಳಿತಾಗ ಮಾತ್ರ ಬಾಲ್ಯದಲ್ಲಿ ನಾನು ಹೆದರುತ್ತಿದ್ದ ಮಾಸ್ತರರೇ ನನ್ನೊಳಗಿನಿಂದ ಎದ್ದು ಬಂದರು.

ಮಗ ಪಾಠವನ್ನು ನಿರರ್ಗಳವಾಗಿ ಓದುತ್ತಿದ್ದ. ನಾಲ್ಕನೆಯ ದಿನ, ಅವನು ಓದುತ್ತಿರುವ ಸಾಲು ಆ ಪುಟದಲ್ಲಿ ಇಲ್ಲವೆಂಬುದು ಲಕ್ಷ್ಯಕ್ಕೆ ಬಂತು. ಎರಡು ಹಾಳೆಗಳನ್ನು ಒಟ್ಟಿಗೆ ಮಗುಚಿದ್ದ. ಬಾಯಿ ತನ್ನ ಕ್ರಮದಲ್ಲಿ ಸಾಗಿತ್ತು. ಚಿತ್ರವನ್ನು ಕೈಯಿಂದ ಮುಚ್ಚಿ ನಡುವಿನದೊಂದು ಪದ ತೋರಿಸಿದೆ. ಹುಡುಗ ಸುಮ್ಮನಾದ. ಬಿಡಿ ಅಕ್ಷರ ಬಲ್ಲ, ಕಾಗುಣಿತದಲ್ಲಿ ತಡವರಿಸುತ್ತಾನೆ, ಒತ್ತಕ್ಷರದ ಮುಂದೆ ನಿಂತೇಬಿಡುತ್ತಾನೆ. ಉಳಿದುದೆಲ್ಲ ಕೇಳಿ ಕಲಿತ ಬಾಯಿಪಾಠ. ಒಂದು ವರ್ಷ ಇದು ನನ್ನ ಕಣ್ಣೆದುರಿಗೇ ನಡೆದಿತ್ತು. ಅಂಕಪಟ್ಟಿಗೆ ಸಹಿ ಹಾಕಿದವನೂ ನಾನೇ. ನನ್ನ ಮೇಲಿನ ಸಿಟ್ಟೆಲ್ಲ ಅವನ ಬೆನ್ನ ಮೇಲೆ ಬಿತ್ತು, ಹೊಡೆದೆ. ಇದನ್ನು ಬಾನುಲಿಯಲ್ಲಿ ಹೇಳಬೇಕೋ ಬೇಡವೋ ಎಂದು ಹಿಂದೆಮುಂದೆ ನೋಡಿದ್ದುಂಟು.

ಎಂಟು ದಿನ ಅವನು ಪುಸ್ತಕ ಮುಟ್ಟಲಿಲ್ಲ.

ಆಡೂರು ಶಾಸನಗಳ ಊರು. ಬಾದಾಮಿ ಚಾಲುಕ್ಯರ ಕೀರ್ತಿವರ್ಮನ ಹೆಸರಿರುವ, ಸಂಸ್ಕೃತವೂ ಹಳಗನ್ನಡವೂ ಕೂಡಿದ ಇಲ್ಲಿಯ ಶಾಸನವೊಂದನ್ನು ಫ್ಲೀಟರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಓದಿ ಅಚ್ಚು ಹಾಕಿಸಿದ್ದರು. ಒಂದು ಸಂಜೆ ಮಕ್ಕಳೊಡನೆ ಊರಿನ ಬರಹದ ಕಲ್ಲೊಂದರ ಮುಂದೆ ನಿಂತಿದ್ದೆ.

‘ಇದು ಯಾವ ಭಾಷಾ?’ ಎಂದ ಮಗ.

‘ಕನ್ನಡ.’

‘ಹಂಗಾದ್ರ ಓದು.’

ನಾನು ಓದಲಾರದೆ ನಿಂತೆ. ಹುಡುಗ ನನ್ನ ಮುಖವನ್ನೇ ನೋಡಿದ. ಅಣಕವೇನೂ ಇರಲಿಲ್ಲ. ‘ನಿನಗೂ ಬರೂದಿಲ್ಲೇನು?’ ಎಂದು ಮೆಲ್ಲಗೆ ಕೇಳಿದ. ಬರುವುದಿಲ್ಲವೆಂದೆ. ಆಮೇಲೆ ಮೂವರೂ ಕುಕ್ಕುರುಗಾಲಿನಲ್ಲಿ ಕುಳಿತು ಅಕ್ಷರಗಳ ಮೇಲೆ ಬೆರಳಾಡಿಸಿದೆವು. ಒಂದು ‘ರ’ ಇರಬಹುದೆಂದು ಅವನೇ ಊಹಿಸಿದ. ಸರಿಯೋ ತಪ್ಪೋ ಹೇಳುವವರು ಅಲ್ಲಿ ಯಾರಿದ್ದರು?

ಮರುದಿನ ವೇಳಾಪಟ್ಟಿಯನ್ನು ಕಿತ್ತೆ. ಗೋವಿನಜೋಳದ ಬೀಜದ ಚೀಲ, ಕ್ಯಾಲೆಂಡರು, ಎಣ್ಣೆಯ ಡಬ್ಬಿ, ಸಿಕ್ಕಿದ್ದೆಲ್ಲ ಪಾಠವಾಯಿತು. ಕೂಡುವ ಕಳೆಯುವ ಲೆಕ್ಕವನ್ನು ಅವನ ತಾಯಿ ತೆನೆ ಸುಲಿಯುತ್ತ ನನಗಿಂತ ಚೆನ್ನಾಗಿ ಕಲಿಸಿದಳು. ನಡುವೆ ಆಗಸ್ಟ್ ತಿಂಗಳಲ್ಲಿ ಸರಕಾರದ ‘ವಿದ್ಯಾಗಮ’ ಆರಂಭವಾಯಿತು. ಶಿಕ್ಷಕರು ಗುಡಿಯ ಕಟ್ಟೆ, ಮರದ ನೆರಳುಗಳಲ್ಲಿ ಮಕ್ಕಳನ್ನು ಕೂಡಿಸಿ ಕಲಿಸತೊಡಗಿದರು. ಅಕ್ಟೋಬರಿನಲ್ಲಿ ಅದೂ ನಿಂತಿತು. ಬಸ್ಸುಗಳು ಮತ್ತೆ ಓಡಾಡತೊಡಗಿದ ಮೇಲೆ ಒಂದು ದಿನ ಮಗ ಫಲಕ ನೋಡಿ ‘ಹಾನಗಲ್’ ಎಂದು ನಿಲ್ಲಿಸಿ, ಕೊನೆಯ ಒತ್ತಕ್ಷರವನ್ನು ದಿಟ್ಟಿಸಿ, ‘ಹಾನಗಲ್ಲ’ ಎಂದು ತಿದ್ದಿಕೊಂಡ. ನಾನು ಬಾಯಿ ಹಾಕಲಿಲ್ಲ. ಬಾಯಿ ಹಾಕದಿರುವುದನ್ನು ಕಲಿಯಲು ನನಗೆ ಏಳೆಂಟು ತಿಂಗಳು ಹಿಡಿದಿತ್ತು.

ಶಾಲೆ ತೆರೆಯುವ ಸುದ್ದಿ ಬಂದಾಗ ಮನೆಯಲ್ಲಿಯೇ ಮುಂದುವರಿಸುವ ಆಸೆ ನನಗಿತ್ತು, ಅವನಿಗಿರಲಿಲ್ಲ. ಅವನಿಗೆ ಗೆಳೆಯರು ಬೇಕಾಗಿದ್ದರು. ಮೊದಲ ದಿನ ಶಾಲೆ ಬಿಡುವ ಹೊತ್ತಿಗೆ ಹೋಗಿ ಗೇಟಿನ ಹೊರಗೆ ನಿಂತೆ.

‘ಏನು ಓದಿದ್ಯೋ?’ ಎಂದೆ.

‘ಓದಲಿಲ್ಲಪ್ಪ, ಆಡಿದಿವಿ’ ಎಂದು ಚೀಲವನ್ನು ನನ್ನ ಕೈಗೆ ಕೊಟ್ಟು ಓಡಿದ.