ಕಾರ್ಡು ಮನೆಬಾಗಿಲಿಗೂ ಬರಲಿ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಕಡೆಯಿಂದ ಬಸ್ಸು ಹಿಡಿದು ಭೇರ್ಯಕ್ಕೆ ಬಂದಿರುವ ಹಿರಿಯರೇ, ತಾಯಂದಿರೇ, ಆಶಾ ಕಾರ್ಯಕರ್ತೆಯರೇ,

ಸರ್ಕಾರಿ ಆಸ್ಪತ್ರೆಗಳಲ್ಲಿ ದಾದಿಯಾಗಿ ದುಡಿದವಳನ್ನು ಈ ಪೀಠದಲ್ಲಿ ಕೂರಿಸಿದ್ದೀರಿ. ಋಣಿಯಾಗಿದ್ದೇನೆ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ವಯಸ್ಸಾದವರ ಆರೈಕೆಯ ಖರ್ಚು ಯಾರದು ಎಂಬುದನ್ನಷ್ಟೇ ಇವತ್ತು ಮಾತನಾಡುತ್ತೇನೆ.

ನಮ್ಮಲ್ಲಿ ಯೋಜನೆಗಳಿಗೆ ಬರವಿಲ್ಲ. 2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ ಬಂತು. ಅದೇ ವರ್ಷ ಅದು ಆಯುಷ್ಮಾನ್ ಭಾರತದೊಂದಿಗೆ ಸೇರಿ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುವಂತಾಯಿತು. ಎಪ್ಪತ್ತು ದಾಟಿದವರಿಗೆ ಆದಾಯ ನೋಡದೆ ಕೊಡುವ ವಯ ವಂದನಾ ಕಾರ್ಡಿಗೆ 2024ರ ಅಕ್ಟೋಬರ್ 29ರಂದು ಕೇಂದ್ರ ಚಾಲನೆ ಕೊಟ್ಟಿತು. ಇವುಗಳಿಂದ ಎಷ್ಟೋ ಮನೆಗಳು ಹೊಲ ಮಾರುವುದು ತಪ್ಪಿದೆ. ಅದನ್ನು ನಾನು ಸಣ್ಣದೆನ್ನುವುದಿಲ್ಲ.

ಆದರೆ ಇವೆಲ್ಲ ಆಸ್ಪತ್ರೆಯ ಹಾಸಿಗೆಯ ಲೆಕ್ಕದ ಮೇಲೆ ನಿಂತ ಯೋಜನೆಗಳು. ಆಯುಷ್ಮಾನ್ ನಿಯಮದಲ್ಲಿ ದಾಖಲಾಗುವ ಮುಂಚಿನ 3 ದಿನ, ಬಿಡುಗಡೆಯಾದ ಮೇಲಿನ 15 ದಿನದ ಔಷಧಿ, ತಪಾಸಣೆಗಳೂ ಸೇರುತ್ತವೆ. ಹದಿನಾರನೆಯ ದಿನದಿಂದ ಏನು? ಲಕ್ವ ಹೊಡೆದ ಅಜ್ಜನ ಕೈಕಾಲಿಗೆ ವ್ಯಾಯಾಮ ಮಾಡಿಸಬೇಕು. ಅದು ತಿಂಗಳುಗಟ್ಟಲೆಯ ಕೆಲಸ. ಸೊಂಟದ ಮೂಳೆ ಮುರಿದ ಅಜ್ಜಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಮೂತ್ರದ ಪೈಪನ್ನು ಸಮಯಕ್ಕೆ ಸರಿಯಾಗಿ ಬದಲಿಸದಿದ್ದರೆ ಸೋಂಕು ಏರಿ ಚಳಿಜ್ವರ ಬರುತ್ತದೆ. ಆಗ ಕಾರು ಬಾಡಿಗೆ ಮಾಡಿಕೊಂಡು ಮತ್ತೆ ಮೈಸೂರಿಗೆ ಓಡಬೇಕು. ಆ ದಾಖಲಾತಿಗೆ ಸರ್ಕಾರ ಸಾವಿರಾರು ರೂಪಾಯಿ ಕಟ್ಟುತ್ತದೆ. ಅದನ್ನು ತಪ್ಪಿಸಬಹುದಾಗಿದ್ದ ದಾದಿಯ ಒಂದು ಭೇಟಿಗೆ ಮಾತ್ರ ಕಟ್ಟುವುದಿಲ್ಲ. ಇದು ಬಡವರಿಗೂ ನಷ್ಟ, ಖಜಾನೆಗೂ ನಷ್ಟ.

ಈಗ ಆ ಖರ್ಚನ್ನು ಹೊರುತ್ತಿರುವವರು ಮನೆಯ ಹೆಣ್ಣುಮಕ್ಕಳು. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಪೋಣಿಸುವ ಕೂಲಿ ಬಿಟ್ಟು, ಇಲ್ಲಿ ನಾಟಿ ಕೆಲಸ ಬಿಟ್ಟು, ಸೊಸೆಯೋ ಮಗಳೋ ಹಾಸಿಗೆಯ ಪಕ್ಕದಲ್ಲಿ ಕೂತಿರುತ್ತಾಳೆ. ಗಂಡುಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಸಂಧ್ಯಾ ಸುರಕ್ಷಾ ಪಿಂಚಣಿಯ ತಿಂಗಳ 1,200 ರೂಪಾಯಿ ಡೈಪರು, ಬ್ಯಾಂಡೇಜಿಗೇ ಮುಗಿಯುತ್ತದೆ. ಆ ಹೆಣ್ಣುಮಗಳು ಕಳೆದುಕೊಂಡ ಕೂಲಿ ಯಾವ ಲೆಕ್ಕದಲ್ಲೂ ಬರುವುದಿಲ್ಲ. ಜರ್ಮನಿ 1995ರಲ್ಲಿ ಆರೈಕೆಗೆಂದೇ ಬೇರೆ ವಿಮೆ ತಂದು, ಮನೆಯಲ್ಲೇ ನೋಡಿಕೊಳ್ಳುವವರಿಗೂ ಹಣ ಸಿಗುವಂತೆ ಮಾಡಿತು. ಜಪಾನಿನಲ್ಲಿ 2000ದಿಂದ ನಲವತ್ತು ತುಂಬಿದವರು ಆರೈಕೆ ವಿಮೆಗೆ ಕಂತು ಕಟ್ಟುತ್ತಾರೆ.

ಅವು ಶ್ರೀಮಂತ ದೇಶಗಳು ಎನ್ನುವಿರಾದರೆ, ಎಚ್.ಡಿ. ಕೋಟೆಯಿಂದ ಬಾವಲಿ ದಾಟಿದರೆ ವಯನಾಡು. ಕೇರಳ 2008ರಲ್ಲೇ ಉಪಶಾಮಕ ಆರೈಕೆಯ ನೀತಿ ತಂದಿತು. ಅಲ್ಲಿ ಪಂಚಾಯಿತಿಯ ಹಣದಲ್ಲಿ ದಾದಿ ಹಾಸಿಗೆ ಹಿಡಿದವರ ಮನೆಗೆ ಹೋಗಿ ಹುಣ್ಣು ತೊಳೆದು, ಪೈಪು ಬದಲಿಸಿ, ನೋವಿಗೆ ಔಷಧಿ ಕೊಟ್ಟು ಬರುತ್ತಾಳೆ. ನಮ್ಮದೇ ಜಿಲ್ಲೆಯಲ್ಲಿ, ಕೋಟೆಯ ಆದಿವಾಸಿ ಹಾಡಿಗಳಲ್ಲಿ ಕೆಲಸ ಶುರುಮಾಡಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕೂಡ ಇಂಥ ರೋಗಿಗಳನ್ನು ಮನೆಯಲ್ಲೇ ಕಂಡು ಆರೈಕೆ ಮಾಡುತ್ತಿದೆ. ಹೇಗೆ ಮಾಡಬೇಕೆಂಬ ತಿಳಿವಳಿಕೆ ನಮ್ಮ ಹತ್ತಿರವೇ ಇದೆ. ಇಲ್ಲದಿರುವುದು ಅದಕ್ಕೆ ಹಣ ಕಟ್ಟುವ ನಿಯಮ.

ಈ ಹಣ ಖಾಸಗಿ ಹೋಂ ನರ್ಸಿಂಗ್ ಏಜೆನ್ಸಿಗಳ ಕೈಗೆ ಹೋಗುವುದು ನನಗೆ ಒಪ್ಪಿಗೆಯಿಲ್ಲ. ಅವು ನಗರ ಬಿಟ್ಟು ಹಾಡಿಗೆ ಬರುವುದಿಲ್ಲ. ಹಣ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರಲಿ. ಅಲ್ಲಿಂದ ಒಬ್ಬ ದಾದಿ, ವಾರಕ್ಕೊಮ್ಮೆ ಒಬ್ಬ ಫಿಸಿಯೋಥೆರಪಿಸ್ಟ್ ಹಳ್ಳಿಗೆ ಹೊರಡಲಿ. ಆಯುಷ್ಮಾನ್ ಆರೋಗ್ಯ ಮಂದಿರಗಳು ಕೊಡಬೇಕಾದ 12 ಬಗೆಯ ಸೇವೆಗಳಲ್ಲಿ ಹಿರಿಯರ ಆರೈಕೆ, ಉಪಶಾಮಕ ಆರೈಕೆ ಎರಡೂ ಇವೆ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಮನೆಗೇ ಹೋಗಿ ಬಿಪಿ, ಸಕ್ಕರೆ ಕಾಯಿಲೆ ಪತ್ತೆಹಚ್ಚುತ್ತಾರೆ. ಬಿಪಿ ನೋಡಲು ಒಳಗೆ ಬಂದವರಿಗೆ ಮೂಲೆಯಲ್ಲಿ ಮಲಗಿದವರ ಬೆನ್ನ ಹುಣ್ಣನ್ನೂ ನೋಡುವ ಅಧಿಕಾರ, ಸಾಮಗ್ರಿ, ಸಂಬಳ ಕೊಡಿ ಎಂದಷ್ಟೇ ಕೇಳುತ್ತಿದ್ದೇವೆ. ಆಶಾ ತಾಯಂದಿರ ಮೇಲೆ ಬಿಡಿಗಾಸಿಲ್ಲದೆ ಇನ್ನೊಂದು ಹೊರೆ ಹೇರುವುದಾದರೆ ನಾನೇ ಮೊದಲು ವಿರೋಧಿಸುತ್ತೇನೆ.

ಮನೆಯ ಭೇಟಿಯಲ್ಲಿ ಸುಳ್ಳು ಬಿಲ್ಲು ಹುಟ್ಟುತ್ತದೆ ಎಂದು ಅಧಿಕಾರಿಗಳು ಹೇಳುತ್ತಾರೆ. ಆ ಭಯ ಆಸ್ಪತ್ರೆಯ ಬಿಲ್ಲಿಗೂ ಇದೆ. ಊರಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ, ದಾದಿ ಬಂದಿದ್ದಳೇ ಎಂಬುದು ಬೀದಿಗೆಲ್ಲ ಗೊತ್ತಿರುತ್ತದೆ. ಗ್ರಾಮಸಭೆಯಲ್ಲಿ ಪಟ್ಟಿ ಓದಿಸಿದರೆ ಸಾಕು.

ದೆಹಲಿಯ ನಿಯಮ ಬದಲಾಗಲು ಕಾಲ ಹಿಡಿಯಬಹುದು. ಯಶಸ್ವಿನಿಗೆ ಆ ಅಡ್ಡಿಯಿಲ್ಲ. 2003ರಲ್ಲಿ ಸಹಕಾರಿ ರೈತರಿಗಾಗಿ ಜಾರಿಗೆ ಬಂದು, ನಡುವೆ ನಿಂತು, ಮತ್ತೆ ಆರಂಭವಾದ ರಾಜ್ಯದ್ದೇ ಯೋಜನೆ ಅದು. ಇಲ್ಲಿ ಕೂತವರಲ್ಲಿ ಅನೇಕರು ಸಹಕಾರ ಸಂಘದ ಸದಸ್ಯರಾಗಿ ಅದಕ್ಕೆ ವಂತಿಗೆ ಕಟ್ಟಿದವರು, ಕೇಳುವ ಹಕ್ಕುಳ್ಳವರು. ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದ ಹಿರಿಯ ಸದಸ್ಯರಿಗೆ ಮೂರು ತಿಂಗಳ ಮನೆ ಆರೈಕೆಯನ್ನು ಯಶಸ್ವಿನಿಯಲ್ಲಿ ಸೇರಿಸಬೇಕು, ಮೊದಲ ಪ್ರಯೋಗ ಈ ನಾಲ್ಕು ತಾಲ್ಲೂಕುಗಳಲ್ಲೇ ಆಗಬೇಕು ಎಂಬ ನಿರ್ಣಯವನ್ನು ಸಭೆಯ ಮುಂದಿಡುತ್ತಿದ್ದೇನೆ. ಒಪ್ಪುವವರು ಕೈ ಎತ್ತಿ. ನಿಮ್ಮ ಸಂಘದ ಮುಂದಿನ ಮಹಾಸಭೆಯಲ್ಲಿ ಇದೇ ನಿರ್ಣಯ ಬರೆಸಿ, ಕಾರ್ಯದರ್ಶಿಯ ಸಹಿ ಹಾಕಿಸಿ ಸಹಕಾರ ಇಲಾಖೆಗೆ ಕಳುಹಿಸಿ.